ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕುವವರಿಗೆ

'ಈ ಪಿಸಿಯಲ್ಲಿ ವಿಂಡೋಸ್ 11 ನಡೆಯಲ್ಲ' ಅಂತ ಬಂದ ತಕ್ಷಣ ಅಡ್ಡದಾರಿ ಹುಡುಕಬೇಡಿ. ಮೊದಲು ಬಯೋಸ್ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್) ಒಳಗೆ ನೋಡಿ. ಎಷ್ಟೋ ಸಲ ವಿಂಡೋಸ್ 11 ಕೇಳುವ ಟಿಪಿಎಂ ಎಂಬ ಭದ್ರತಾ ಸೌಲಭ್ಯ ಇರುತ್ತದೆ, ಆಫ್ ಆಗಿರುತ್ತದೆ ಅಷ್ಟೇ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತ ಹೆಸರಿರುವುದರಿಂದ ಗೊತ್ತಾಗುವುದಿಲ್ಲ.

ನಿಜವಾಗಿಯೂ ಇಲ್ವಾ? ರೂಫಸ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ವಿಂಡೋಸ್ ಹಾಕುವ ಪೆನ್‌ಡ್ರೈವ್ ಮಾಡುವಾಗ 'ಸ್ಟಾರ್ಟ್' ಒತ್ತಿದರೆ ಒಂದು ಪಟ್ಟಿ ಬರುತ್ತದೆ. ಟಿಪಿಎಂ, ಸೆಕ್ಯೂರ್ ಬೂಟ್ ಷರತ್ತು ತೆಗೆಯುವ ಸಾಲಿಗೆ ಟಿಕ್ ಹಾಕಿ.

ಜಾಸ್ತಿ ಜನ ಸಿಕ್ಕಿಬೀಳುವುದು ಡಿಸ್ಕ್ ಆಯ್ಕೆ ಮಾಡುವ ಜಾಗದಲ್ಲಿ. 'ಎಂಬಿಆರ್ (ಡಿಸ್ಕನ್ನು ಭಾಗ ಮಾಡುವ ಹಳೇ ವಿಧಾನ) ಇದೆ' ಅಂತ ಎರರ್ ಬಂದರೆ ಗಾಬರಿಯಾಗಿ ಪಾರ್ಟಿಷನ್ ಅಳಿಸಬೇಡಿ, ಡೇಟಾ ಎಲ್ಲಾ ಹೋಗುತ್ತದೆ. ಕಾರಣ ಇಷ್ಟೇ, ಪೆನ್‌ಡ್ರೈವ್ ಯುಇಎಫ್‌ಐ ಎಂಬ ಹೊಸ ರೀತಿಯಲ್ಲಿ ಬೂಟ್ ಆಗಿದೆ, ಡಿಸ್ಕ್ ಲೆಗಸಿ ಎಂಬ ಹಳೇ ರೀತಿಯ ಕಾಲದ್ದು. ಬ್ಯಾಕಪ್ ತಗೊಂಡು, ವಿಂಡೋಸ್ 10ರಲ್ಲೇ ಇರುವ 'ಎಂಬಿಆರ್2ಜಿಪಿಟಿ' ಕಮಾಂಡ್‌ನಿಂದ ಅದೇ ಡಿಸ್ಕನ್ನು ಜಿಪಿಟಿ ಎಂಬ ಹೊಸ ವಿಧಾನಕ್ಕೆ ಪರಿವರ್ತಿಸಿ. ಆಮೇಲೆ ಬಯೋಸ್‌ನಲ್ಲಿ ಯುಇಎಫ್‌ಐ ಮೋಡ್ ಆರಿಸಿ. ಇದನ್ನು ಮರೆತರೆ ಲ್ಯಾಪ್‌ಟಾಪ್ ಬೂಟೇ ಆಗಲ್ಲ.

ಕೋರ್ 2 ಡ್ಯುಯೊ ಎಂಬ ಹಳೇ ಇಂಟೆಲ್ ಪ್ರೊಸೆಸರ್ ಇರುವವರು ಸುಮ್ನೆ ಒದ್ದಾಡಬೇಡಿ. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ 4.2 ಎಂಬ ಸೂಚನೆಗಳ ಗುಂಪು ಇರಲೇಬೇಕು, ಅದಕ್ಕೆ ಯಾವ ಟಿಕ್ಕೂ ಕೆಲಸಕ್ಕೆ ಬರಲ್ಲ. ಅಂಥದ್ದಕ್ಕೆ ನನ್ನ ಓಟು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂಗೆ.

ಇನ್ನೊಂದು, ಹೀಗೆ ಷರತ್ತು ತೆಗೆದು ವಿಂಡೋಸ್ 11 ಹಾಕಿದ ಮೇಲೆ ವರ್ಷದ ದೊಡ್ಡ ಅಪ್‌ಡೇಟ್ ತಾನಾಗಿ ಬರುತ್ತದೆ ಅಂತ ನಂಬಿ ಕೂರಬೇಡಿ. ಬರದಿದ್ದರೆ ಮತ್ತೆ ಪೆನ್‌ಡ್ರೈವೇ ಗತಿ.