ಸೈನಿಕರ ವಿಚ್ಛೇದನ, ಜೀವನಾಂಶ: ಈ ಪ್ರಕರಣಗಳನ್ನು ನಾನು ನಡೆಸುವ ಕ್ರಮ

ಸೈನಿಕ ಕುಟುಂಬದ ಪ್ರಕರಣ ಬಂದಾಗ ವಕೀಲನಾಗಿ ನಾನು ಎರಡು ಫೈಲು ತೆರೆಯುತ್ತೇನೆ. ಒಂದು ಕೌಟುಂಬಿಕ ನ್ಯಾಯಾಲಯದ್ದು, ಇನ್ನೊಂದು ಸೈನಿಕ ಕೆಲಸ ಮಾಡುವ ಸೇನಾ ಘಟಕದ್ದು, ಅಂದರೆ ಯೂನಿಟ್‌ದು. ಕೋರ್ಟಿನಲ್ಲಿ ಆದದ್ದು ಯೂನಿಟ್‌ಗೆ ತಾನಾಗಿ ತಿಳಿಯುವುದಿಲ್ಲ, ಯೂನಿಟ್ ದಾಖಲೆಯಲ್ಲಿರುವುದು ಕೋರ್ಟಿಗೆ ಕಾಣುವುದಿಲ್ಲ. ಕಾಗದವನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಯಾರಾದರೂ ದಾಟಿಸಲೇಬೇಕು. ಇಲ್ಲಿ ಬರೆಯುತ್ತಿರುವುದು ಭೂಸೇನೆಯ ಜವಾನರು ಮತ್ತು ಜೆಸಿಒಗಳಲ್ಲಿ (ಜವಾನರಿಗಿಂತ ಮೇಲಿನ ಕಿರಿಯ ಅಧಿಕಾರಿಗಳು) ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರ ಮಟ್ಟಿಗೆ.

ಮೊದಲು ನೋಡುವುದು, ಮದುವೆಯ ಪಾರ್ಟ್ ಟು ಆರ್ಡರ್, ಅಂದರೆ ಮದುವೆಯನ್ನು ಸೇನಾ ದಾಖಲೆಗೆ ಸೇರಿಸುವ ಯೂನಿಟ್ ಆದೇಶ, ಆಗಿದೆಯೇ ಎಂದು. ಉಪನೋಂದಣಾಧಿಕಾರಿ ಕೊಟ್ಟ ವಿವಾಹ ಪ್ರಮಾಣಪತ್ರ ಕಾನೂನಿಗೆ ಸಾಕು. ಆದರೆ ಡಿಪೆಂಡೆಂಟ್ ಕಾರ್ಡು, ಆಸ್ಪತ್ರೆ, ಮುಂದೆ ಕುಟುಂಬ ಪಿಂಚಣಿ ಎಲ್ಲಕ್ಕೂ ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನಲ್ಲಿ ಹೆಂಡತಿಯ ಹೆಸರು ಇರಬೇಕು. ಆಧಾರ್‌ನಲ್ಲಿ ತಂದೆಯ ಹೆಸರಿನ ಇನಿಷಿಯಲ್, ಪ್ರಮಾಣಪತ್ರದಲ್ಲಿ ಗಂಡನ ಮನೆತನದ ಹೆಸರು ಎಂಬಂಥ ವ್ಯತ್ಯಾಸವಿದ್ದರೆ ಕಾಗದ ವಾಪಸು ಬರುತ್ತದೆ. ಹಾಗಾಗಿ ಜಗಳ ಶುರುವಾಗುವ ಮೊದಲೇ ಇದನ್ನು ಸರಿಮಾಡಿಸಿಕೊಳ್ಳಿ ಎನ್ನುತ್ತೇನೆ. ಆಮೇಲೆ ಗಂಡನ ಸಹಿ ಸಿಗುವುದಿಲ್ಲ.

ಜೀವನಾಂಶಕ್ಕೆ ಹೆಂಡತಿಗೆ ಎರಡು ದಾರಿ, ಒಂದು ಸೇನೆ, ಇನ್ನೊಂದು ಕೋರ್ಟು. ಸೇನಾ ಕಾಯ್ದೆಯ 90 ಮತ್ತು 91ನೇ ಕಲಂಗಳಡಿ ಸೇನೆಯೇ ಗಂಡನ ಸಂಬಳದಿಂದ ಕಡಿತ ಮಾಡಿ ಹೆಂಡತಿ ಮಕ್ಕಳಿಗೆ ಕೊಡಿಸಬಹುದು. 2001ರ ಎರಡನೇ ಸೇನಾ ಆದೇಶದ ಪ್ರಕಾರ ಹೆಂಡತಿಗೆ ವೇತನ ಭತ್ಯೆಗಳ ಶೇ. 22, ಪ್ರತಿ ಮಗುವಿಗೆ ಶೇ. 5.5, ಒಟ್ಟಾರೆ ಶೇ. 33 ಮೀರುವಂತಿಲ್ಲ. ವೇತನ ಭತ್ಯೆ 50,000 ರೂಪಾಯಿ ಇದ್ದರೆ ಹೆಂಡತಿಗೆ ಹೆಚ್ಚೆಂದರೆ 11,000, ಇಬ್ಬರು ಮಕ್ಕಳಿಗೆ ತಲಾ 2,750, ಅಲ್ಲಿಗೆ 16,500. ಮೂರನೆಯ ಮಗುವಿದ್ದರೂ ಮೊತ್ತ ಅಷ್ಟೇ. ಕೋರ್ಟಿಗೆ ಈ ಮಿತಿ ಇಲ್ಲ.

ಸೇನೆಯ ದಾರಿಯಲ್ಲಿ ಅರ್ಜಿ ಹೋಗಬೇಕಾದದ್ದು ಯೂನಿಟ್‌ನ ಮುಖ್ಯಸ್ಥರಾದ ಕಮಾಂಡಿಂಗ್ ಆಫೀಸರ್‌ಗೆ. ಅದರಲ್ಲಿ ಆರ್ಮಿ ನಂಬರು, ರ‍್ಯಾಂಕು, ಹೆಸರು, ಯೂನಿಟ್ ಇರಲೇಬೇಕು. ಜೊತೆಗೆ ವಿವಾಹ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರ, ತನ್ನ ಆದಾಯದ ಅಫಿಡವಿಟ್, ಬ್ಯಾಂಕ್ ಪಾಸ್‌ಬುಕ್ಕಿನ ನಕಲು ಲಗತ್ತಿಸುತ್ತೇನೆ. ಅತ್ತೆ ಮನೆಯ ಕಥೆಯನ್ನು ಹತ್ತು ಪುಟ ಬರೆಯುವುದು ಬೇಡ. ಯಾವ ತಿಂಗಳಿಂದ ಹಣ ನಿಂತಿದೆ, ತಿಂಗಳ ಖರ್ಚೆಷ್ಟು ಎಂಬುದು ಮೊದಲ ಪುಟದಲ್ಲೇ ಕಾಣಬೇಕು. ಯೂನಿಟ್ ಎಲ್ಲಿದೆಯೋ ಗೊತ್ತಿಲ್ಲದಿದ್ದರೆ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಮರಾಠಾ ಲೈಟ್ ಇನ್‌ಫೆಂಟ್ರಿಯದ್ದು ಬೆಳಗಾವಿಯಲ್ಲಿದೆ, ಮದ್ರಾಸ್ ಸ್ಯಾಪರ್ಸ್‌ನದ್ದು ಬೆಂಗಳೂರಿನಲ್ಲಿ. ಯೂನಿಟ್ ಜಾಗ ಬದಲಿಸಿದರೂ ನಂಬರಿನ ಮೇಲೆ ಅಲ್ಲಿಂದ ಪತ್ತೆಯಾಗುತ್ತದೆ. ಮುಂದೆ ಗಂಡನಿಗೆ ಶೋಕಾಸ್ ನೋಟಿಸ್ ಹೋಗಿ, ಅವನ ಉತ್ತರ ಬಂದು, ಶಿಫಾರಸು ಮೇಲಕ್ಕೆ ಹೋಗುತ್ತದೆ. ತಿಂಗಳುಗಳು ಹಿಡಿಯುತ್ತವೆ.

ಇಷ್ಟಕ್ಕೇ ನಿಲ್ಲಿಸಿದವರು ಮುಂದೆ ಬಹಳ ಕಷ್ಟಪಡುತ್ತಾರೆ. ಜವಾನ ಚಿಕ್ಕ ವಯಸ್ಸಿಗೇ ಪಿಂಚಣಿ ಪಡೆದು ಮನೆಗೆ ಬಂದುಬಿಡುತ್ತಾನೆ. ಸೇವೆ ಮುಗಿದ ದಿನ ಸಂಬಳದ ಕಡಿತವೂ ಮುಗಿಯಿತು. ಅದಕ್ಕಾಗಿಯೇ ನಾನು ಜೊತೆಜೊತೆಗೆ ಕೋರ್ಟಿನಲ್ಲೂ ಜೀವನಾಂಶದ ಅರ್ಜಿ ಹಾಕುತ್ತೇನೆ. ಸೇನೆಯಿಂದ ಬರುತ್ತಿರುವ ಹಣವನ್ನು ಅಫಿಡವಿಟ್‌ನಲ್ಲಿ ಮುಚ್ಚಿಡಬಾರದು. ಸುಪ್ರೀಂ ಕೋರ್ಟಿನ 2020ರ ರಜ್ನೇಶ್–ನೇಹಾ ತೀರ್ಪಿನ ಬಳಿಕ ಇಬ್ಬರೂ ಆಸ್ತಿ ಮತ್ತು ಸಾಲದ ಪೂರ್ಣ ವಿವರ ಕೊಡಬೇಕು, ಹಿಂದಿನ ಆದೇಶಗಳನ್ನೂ ಹೇಳಬೇಕು.

ಸಮನ್ಸ್ ವಿಚಾರದಲ್ಲಿ ಆತುರ ಮಾಡುವವರೇ ಹೆಚ್ಚು. ಊರಿನ ಮನೆಗೆ ಕಳಿಸಿದ ಸಮನ್ಸನ್ನು ಅಪ್ಪ ಅಮ್ಮ ತೆಗೆದುಕೊಳ್ಳುವುದಿಲ್ಲ, ಅವನ ಗೈರುಹಾಜರಿಯಲ್ಲೇ ಎಕ್ಸ್‌ಪಾರ್ಟಿ ಡಿಕ್ರಿ ಆಗುತ್ತದೆ, ರಜೆಗೆ ಬಂದವನು ಅದನ್ನು ರದ್ದು ಮಾಡಿಸುತ್ತಾನೆ, ಪ್ರಕರಣ ಮತ್ತೆ ಮೊದಲಿನಿಂದ. ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದ 28ನೇ ನಿಯಮದಂತೆ ಸೈನಿಕನ ಸಮನ್ಸ್ ಕಮಾಂಡಿಂಗ್ ಆಫೀಸರ್ ಮೂಲಕವೇ ಹೋಗಬೇಕು. ಮೆಮೊ ಹಾಕಿ ಹಾಗೇ ಕಳಿಸಿ ಎಂದು ಕೇಳಿಕೊಳ್ಳುತ್ತೇನೆ.

ಸೈನಿಕನ ಪರ ನಿಂತಾಗ ನನ್ನ ಮೊದಲ ಪ್ರಶ್ನೆ ರಜೆಯ ಬಗ್ಗೆ. ಸೇನಾ ಕಾಯ್ದೆಯ 32ನೇ ಕಲಂ ಪ್ರಕಾರ, ಈ ಮೊಕದ್ದಮೆಗಾಗಿಯೇ ರಜೆ ಮಂಜೂರಾಗಿದೆ ಅಥವಾ ಕೇಳಲಾಗಿದೆ ಎಂದು ಸೇನಾ ಅಧಿಕಾರಿ ಪ್ರಮಾಣಪತ್ರ ಕೊಟ್ಟರೆ, ಆದಷ್ಟು ಮಟ್ಟಿಗೆ ಆ ರಜೆಯೊಳಗೇ ವಿಚಾರಣೆ ಮುಗಿಸಲು ಕೋರ್ಟು ವ್ಯವಸ್ಥೆ ಮಾಡಬೇಕು. ಮಾಮೂಲಿ ರಜೆ ಚೀಟಿ ತಂದರೆ ಇದು ನಡೆಯುವುದಿಲ್ಲ. ಅದರಲ್ಲಿ ಕೇಸಿನ ಪ್ರಸ್ತಾಪವೇ ಇರುವುದಿಲ್ಲ. ರಜೆಯೇ ಸಿಗದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 28ನೇ ಆದೇಶದಡಿ ಆಫೀಸರ್ ಎದುರು ಸಹಿ ಮಾಡಿ, ತನ್ನ ಬದಲು ಕೇಸು ನಡೆಸಲು ಇನ್ನೊಬ್ಬರಿಗೆ ಅಧಿಕಾರ ಕೊಡಬಹುದು.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆ ಬಾಳಿರಬೇಕು. ಎರಡು ವರ್ಷ ಫೀಲ್ಡಿನಲ್ಲಿದ್ದೆ, ಸಾಲದೇ ಎಂದು ಜವಾನರು ಕೇಳುತ್ತಾರೆ. ಸಾಲದು. ಪೋಸ್ಟಿಂಗ್‌ನಿಂದ ದೂರವಿರುವುದು ಬೇರೆ, ಗಂಡಹೆಂಡಿರಾಗಿ ಬಾಳದಿರುವುದು ಬೇರೆ. ರಜೆಯಲ್ಲಿ ಬಂದು ಒಟ್ಟಿಗೆ ಬಾಳಿದ್ದರೆ ಎಣಿಕೆ ಆ ರಜೆಯ ನಂತರ ಶುರು. ಹೆಂಡತಿ ತೊರೆದಳೆಂದು ಎರಡು ವರ್ಷ ಲೆಕ್ಕ ಹಾಕುವಾಗಲೂ ಇದೇ ತಪ್ಪಾಗುತ್ತದೆ. ಅರ್ಜಿ ಹಾಕಿದ ದಿನದಿಂದ 6 ತಿಂಗಳ ನಂತರ, 18 ತಿಂಗಳೊಳಗೆ ಎರಡನೇ ಮೋಷನ್, ಅಂದರೆ ಇಬ್ಬರೂ ಸೇರಿ ಡಿಕ್ರಿ ಕೊಡಿ ಎಂದು ಮತ್ತೆ ಕೇಳುವುದು, ಬರಬೇಕು. ಸುಪ್ರೀಂ ಕೋರ್ಟಿನ 2017ರ ಅಮರ್‌ದೀಪ್ ಸಿಂಗ್ ತೀರ್ಪಿನಂತೆ ಆರು ತಿಂಗಳ ಕಾಯುವಿಕೆಯನ್ನು ಕೋರ್ಟು ಮನ್ನಾ ಮಾಡಬಹುದು, ಆದರೆ ಅದನ್ನೇ ನಂಬಿ ರಜೆ ಹಾಕಿಸುವುದಿಲ್ಲ. ಒಂದು ರಜೆಯ ಮೊದಲ ವಾರ ಅರ್ಜಿ, ಮುಂದಿನ ರಜೆಯ ಮೊದಲ ವಾರ ಎರಡನೇ ಮೋಷನ್ ಎಂದು ದಿನ ಹೊಂದಿಸುತ್ತೇನೆ. ನ್ಯಾಯಾಧೀಶರೇ ರಜೆಯಲ್ಲಿದ್ದರೂ ಕೈಯಲ್ಲಿ ಕೆಲವು ದಿನ ಉಳಿದಿರುತ್ತವೆ.

ಊರ ಪಂಚರ ಮುಂದೆ ಬರೆದ ಸೋಡಚೀಟಿ (ಮದುವೆ ಬಿಟ್ಟ ಪತ್ರ), ನೋಟರಿ ಮಾಡಿಸಿದ ಬಾಂಡ್ ಪೇಪರು ಹಿಡಿದು ಎರಡನೇ ಮದುವೆಯಾಗುವುದು ಅತಿ ದೊಡ್ಡ ಅಪಾಯ. ಮೊದಲ ಹೆಂಡತಿ ಇರುವಾಗ ಮತ್ತೊಂದು ಮದುವೆಯನ್ನು ಸೇನಾ ನಿಯಮ ಒಪ್ಪುವುದಿಲ್ಲ, ನೌಕರಿಯೇ ಹೋಗಬಹುದು. ಎರಡನೆಯವಳನ್ನು ನಾಮಿನಿ ಮಾಡಿದರೂ ಕುಟುಂಬ ಪಿಂಚಣಿಯ ಹಕ್ಕು ಅವಳಿಗೆ ಹುಟ್ಟುವುದಿಲ್ಲ.

ಡಿಕ್ರಿ ಬಂದ ಮೇಲೆ ದೃಢೀಕೃತ ನಕಲು ಪಡೆದು ಯೂನಿಟ್‌ಗೆ ಕೊಡಿಸಿ, ವಿಚ್ಛೇದನದ ಪಾರ್ಟ್ ಟು ಆರ್ಡರ್ ಮಾಡಿಸುತ್ತೇನೆ. ನಾಮಿನೇಷನ್ ಬದಲಾವಣೆಗೆ ಪ್ರತ್ಯೇಕ ಅರ್ಜಿ ಬೇಕು. ಮಕ್ಕಳ ಹೆಸರು ಮಾತ್ರ ದಾಖಲೆಯಲ್ಲಿ ಹಾಗೇ ಉಳಿಯಬೇಕು. ಹೊಸ ಆರ್ಡರಿನ ಪ್ರತಿ ಕೈಗೆ ಬಂದ ದಿನ ನಾನು ಮೊದಲು ಹುಡುಕುವುದು ಆ ಹೆಸರುಗಳನ್ನೇ.