ಬ್ಯಾಂಡ್ ಇಲ್ಲದ ರಾಕ್: ನಾಡಹಬ್ಬದ ವೇದಿಕೆಯಲ್ಲಿ ಒಬ್ಬನೇ

ಹಗಲು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಸಂಜೆ ರಾಕ್ ಹಾಡುತ್ತೇನೆ. ಅದೂ ದೇಶದ ಹಾಡು, ನಾಡಿನ ಹಾಡು. "ದೇಶಭಕ್ತಿ ಗೀತೆ ಅಂದ್ರೆ ಹಾರ್ಮೋನಿಯಂ ಇಟ್ಕೊಂಡು ಹಾಡೋದಲ್ವಾ?" ಅಂತ ಕೇಳುವವರು ಈಗಲೂ ಇದ್ದಾರೆ. ಶಾಲೆಯಲ್ಲಿ ನಾನೂ ಹಾಗೇ ಹಾಡಿದವನು. ಆದರೆ ಲಾಠಿ, ಗುಂಡು, ಗಲ್ಲು ಇರುವ ಕಥೆಗೆ ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಹಾಕಿದ ಗಿಟಾರೇ ಸರಿ ಅನ್ನುವುದು ನನ್ನ ಹಟ.

ಮೊದಲು ನಾಲ್ಕು ಜನರ ಬ್ಯಾಂಡ್ ಇತ್ತು. ಡ್ರಮ್ಸ್‌ನವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಬೇಸ್‌ನವನು ಮದುವೆಯಾಗಿ ಮಂಗಳೂರು ಸೇರಿದ. ಜಗಳ ಗಿಗಳ ಏನಿಲ್ಲ, ನಮ್ಮ ಕಡೆ ಬ್ಯಾಂಡ್‌ಗಳು ಮುಗಿಯುವುದೇ ಹೀಗೆ. ಕೊಪ್ಪಕ್ಕೋ ಸಕಲೇಶಪುರಕ್ಕೋ ಡ್ರಮ್ ಸೆಟ್ ಸಾಗಿಸುವ ಗಾಡಿ ಬಾಡಿಗೆಯಲ್ಲೇ ಸಂಭಾವನೆ ಕರಗುತ್ತಿತ್ತು. ಈಗ ಬೆನ್ನಿಗೆ ಗಿಟಾರ್, ಬೈಕಿನ ಬಾಕ್ಸಿನಲ್ಲಿ ಲೂಪರ್ ಪೆಡಲ್, ಗಿಟಾರನ್ನು ಮಿಕ್ಸರ್‌ಗೆ ಜೋಡಿಸುವ ಡಿಐ ಬಾಕ್ಸ್, ನನ್ನದೇ ಒಂದು ಮೈಕು. ಅಷ್ಟೇ.

ಲೂಪರ್ ಅಂದರೆ ನಾವು ನುಡಿಸಿದ್ದನ್ನು ಅಲ್ಲೇ ಹಿಡಿದು ಮತ್ತೆ ಮತ್ತೆ ಕೇಳಿಸುವ ಪೆಟ್ಟಿಗೆ. ಮೊದಲು ಗಿಟಾರಿನ ಮೈ ಮೇಲೆ ಅಂಗೈಯಿಂದ ತಾಳ ತಟ್ಟುತ್ತೇನೆ. ಅದು ಸುತ್ತತೊಡಗಿದ ಮೇಲೆ ದಪ್ಪ ತಂತಿಯಲ್ಲಿ ಬೇಸ್, ಆಮೇಲೆ ಪವರ್ ಕಾರ್ಡ್, ಅಂದರೆ ಎರಡು ಮೂರು ತಂತಿ ಒಟ್ಟಿಗೆ ಮೀಟುವ ರಾಕ್‌ನ ಗಡಸು ನಾದ. ಮೂರಕ್ಕಿಂತ ಜಾಸ್ತಿ ಪದರ ಹಾಕುವುದಿಲ್ಲ, ಬಯಲಿನಲ್ಲಿ ಎಲ್ಲ ಕಲಸಿಹೋಗುತ್ತದೆ. ಪೆಡಲ್ ಒತ್ತುವ ಕಾಲು ಚೂರು ತಡವಾದರೂ ಇಡೀ ಹಾಡು ಕುಂಟುತ್ತದೆ. ಅದಕ್ಕೇ ಮನೆಯಲ್ಲಿ ಬೆರಳಿಗಿಂತ ಕಾಲಿಗೇ ಹೆಚ್ಚು ಅಭ್ಯಾಸ. ರೆಡಿಮೇಡ್ ಟ್ರ್ಯಾಕ್ ಹಾಕಿಕೊಂಡು ಹಾಡಬಹುದು, ಸುಲಭ. ಆದರೆ ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಲೂಪ್ ಕಾಯುತ್ತದೆ. ಜನ ಹಾಡುತ್ತಿದ್ದರೆ ಇನ್ನೂ ನಾಲ್ಕು ಸುತ್ತು ಬಿಡಬಹುದು. ಒಬ್ಬನೇ ಹಾಡುವವನಿಗೆ ಜನವೇ ಬ್ಯಾಂಡು. ಅವರಿಗೆ ಜಾಗ ಬಿಡದ ಹಾಡು ನನಗೆ ಬೇಡ.

ಈ ಜಾಗ ಬಿಡುವ ವಿದ್ಯೆ ನನಗೆ ಸಿಕ್ಕಿದ್ದು ರಾಕ್ ಕೇಳಿ ಅಲ್ಲ, ವೀರಗಾಸೆ ನೋಡಿ. ನಮ್ಮ ಜಾತ್ರೆಗಳಲ್ಲಿ ನೋಡಿರುತ್ತೀರಿ. ಕರಡೆ, ಸಮಾಳ ಜೋರಾಗಿ ಬಾರಿಸುತ್ತಾ ಬಾರಿಸುತ್ತಾ ತಟ್ಟನೆ ನಿಲ್ಲುತ್ತವೆ. ಕುಣಿಯುವವರು ಮುಂದೆ ಬಂದು ಗಂಟಲು ಬಿಚ್ಚಿ ಒಡಪು, ಅಂದರೆ ವೀರಭದ್ರನ ಕಥೆಯ ಮಾತು, ಹೇಳುತ್ತಾರೆ. ಕೊನೆಯ ಮಾತು ಬಿದ್ದ ಕೂಡಲೇ ವಾದ್ಯ ಒಟ್ಟಿಗೆ ಏಳುತ್ತದೆ. ಮೈ ಜುಮ್ಮೆನ್ನುವುದು ಆ ನಿಲ್ಲಿಸಿದ ಹೊತ್ತಿನಿಂದಲೇ.

ನನ್ನ ಈಸೂರಿನ ಹಾಡನ್ನು ಕಟ್ಟಿದ್ದು ಹೀಗೇ. ಈಸೂರು ಪಕ್ಕದ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನದು. 1942ರ ಚಳವಳಿಯಲ್ಲಿ ಆ ಊರಿನವರು ತಾವು ಸ್ವತಂತ್ರರು ಅಂತ ಸಾರಿಕೊಂಡರು. ವೀರಭದ್ರನ ಗುಡಿಯ ಮೇಲೆ ಬಾವುಟ ಹಾರಿಸಿದರು. ಹುಡುಗರನ್ನೇ ಅಮಲ್ದಾರ (ತಾಲ್ಲೂಕಿನ ಅಧಿಕಾರಿ), ಸಬ್ ಇನ್‌ಸ್ಪೆಕ್ಟರ್ ಮಾಡಿಕೊಂಡರು. ನಿಜವಾದ ಅಮಲ್ದಾರರು ಪೊಲೀಸರ ಜತೆ ಬಂದಾಗ ಘರ್ಷಣೆಯಾಗಿ ಸಾವು ಸಂಭವಿಸಿತು. 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಅನ್ನುವ ಘೋಷಣೆ ಆ ಊರಿನದೇ. ಇಂಥ ಸಾಲು ಕೂತು ಬರೆದರೆ ಹುಟ್ಟುತ್ತದಾ? ಮೊದಲ ಅರ್ಧ ನಾನು ಹೇಳುತ್ತೇನೆ, ಉಳಿದರ್ಧ ಜನ. ಗಲ್ಲಿನ ಚರಣ ಬಂದಾಗ ಲೂಪ್ ನಿಲ್ಲಿಸಿ, ಗಿಟಾರ್ ಮುಟ್ಟದೆ, ಒಡಪಿನ ಹಾಗೆ ಕಥೆ ಹೇಳುತ್ತೇನೆ. 'ಭಾರತ ಮಾತೆಗೆ ಜೈ' ಅಂತ ಹತ್ತು ಸಲ ಕೂಗಿಸುವುದಕ್ಕಿಂತ, ಬಸ್ಸಿಗೆ ಹೋಗಿ ಬರುವಷ್ಟು ಹತ್ತಿರದ ಊರಿನ ಹೆಸರು ಒಂದು ಸಲ ಹೇಳುವುದು ಜಾಸ್ತಿ ಕೆಲಸ ಮಾಡುತ್ತದೆ. ಬೇಲೂರಿನ ಕಡೆ ಹಾಡುವಾಗ ಅದೇ ತಾಲ್ಲೂಕಿನ ಹಲ್ಮಿಡಿಯನ್ನು ಸೇರಿಸಿಕೊಳ್ಳುತ್ತೇನೆ. ಸುಮಾರು ಕ್ರಿ.ಶ. 450ರ ಕನ್ನಡ ಶಾಸನ ಸಿಕ್ಕ ಊರು ನಿಮ್ಮದು ಅಂದರೆ ಹಿಂದಿನ ಸಾಲಿನಿಂದ ಶಿಳ್ಳೆ ಗ್ಯಾರಂಟಿ.

ಶ್ರುತಿಯ ವಿಷಯ. ಎತ್ತರದಲ್ಲಿ ಕಿರುಚುವುದು ನನಗೆ ಖುಷಿ, ಆದರೆ ಜನರಿಗೆ ಅದು ನಿಲುಕುವುದಿಲ್ಲ. ಅದಕ್ಕೆ ಪಲ್ಲವಿಯನ್ನು ಅವರ ಗಂಟಲಿಗೆ ತಕ್ಕಂತೆ ಕೆಳಗೆ ಇಡುತ್ತೇನೆ. ಕಿರುಚಾಟವೆಲ್ಲ ಚರಣದಲ್ಲಿ. ನವೆಂಬರ್‌ನಲ್ಲಿ ದಿನ ಬಿಟ್ಟು ದಿನ ಕಾರ್ಯಕ್ರಮ, ಮೇಲೆ ಚಿಕ್ಕಮಗಳೂರಿನ ಮಂಜು. ಬೆಳಿಗ್ಗೆ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯನ್ನು ಮಂದ್ರದಿಂದ ನಿಧಾನಕ್ಕೆ ಹಾಡಿಕೊಳ್ಳದಿದ್ದರೆ ಎರಡೇ ವಾರದಲ್ಲಿ ಧ್ವನಿ ಕೂತುಬಿಡುತ್ತದೆ.

ಎಲ್ಲವನ್ನೂ ರಾಕ್ ಮಾಡಲು ಹೋಗಬಾರದು. ರಾಷ್ಟ್ರಗೀತೆಗೆ ಅದರದೇ ಧಾಟಿ, ಸುಮಾರು 52 ಸೆಕೆಂಡು. ಅದನ್ನು ಗಿಟಾರಿನಲ್ಲಿ ಹಿಗ್ಗಿಸುವ ಆಸೆ ನನಗಿಲ್ಲ. ನಾಡಗೀತೆಗೂ 2022ರ ಸರ್ಕಾರಿ ಆದೇಶ ಇದೆ: ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು. ಅದನ್ನು ಬರೆದ ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಇಲ್ಲಿನವರು ಒಂದು ಸ್ವರ ಆಚೀಚೆ ಆದರೂ ವೇದಿಕೆ ಹಿಂದೆ ಬಂದು ಕೇಳುತ್ತಾರೆ! ಗಿಟಾರ್ ಕೆಳಗಿಟ್ಟು, ಶಾಲೆಯ ಮಕ್ಕಳ ಜತೆ ನಿಂತು ಹಾಡುತ್ತೇನೆ.

ಇನ್ನು ಸಮಯ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕುವ ಹಾಗಿಲ್ಲ, ವಿಶೇಷ ಅನುಮತಿ ಇದ್ದರೆ ಮಾತ್ರ ಮಧ್ಯರಾತ್ರಿವರೆಗೆ. ಏಳು ಗಂಟೆಗೆ ನಿಮ್ಮದು ಅಂದಿರುತ್ತಾರೆ. ಅತಿಥಿಗಳ ಭಾಷಣ, ಸನ್ಮಾನ, ವಂದನಾರ್ಪಣೆ ಮುಗಿಯುವಾಗ ಒಂಬತ್ತೂವರೆ. ಹಾಗಾಗಿ ಈಸೂರಿನ ಹಾಡನ್ನು ಕೊನೆಗೆ ಅಂತ ಇಟ್ಟುಕೊಳ್ಳುವುದಿಲ್ಲ, ಎರಡನೆಯದಾಗಿ ಹಾಡಿಬಿಡುತ್ತೇನೆ.

ಹೊಸಬರು ಇದೊಂದನ್ನು ಮಾತ್ರ ಸುಮ್ನೆ ಓದಿ ಬಿಡಬೇಡಿ. ಊರೂರಿನ ಪೆಂಡಾಲ್‌ಗಳಲ್ಲಿ ಅರ್ಥಿಂಗ್ ಸರಿ ಇರುತ್ತದೆ ಅಂತ ನಂಬಬಾರದು. ಗಿಟಾರಿಗೆ ಒಂದು ಕಡೆಯ ಕರೆಂಟು, ಮೈಕಿನ ಮಿಕ್ಸರ್‌ಗೆ ಇನ್ನೊಂದು ಕಡೆಯದು, ಕೆಳಗೆ ಒದ್ದೆ ನೆಲ. ಕೈ ತಂತಿಯ ಮೇಲಿದ್ದಾಗ ತುಟಿ ಮೈಕಿಗೆ ತಗುಲಿದರೆ ಶಾಕ್ ಹೊಡೆಯುತ್ತದೆ. ಜೀವಕ್ಕೇ ಅಪಾಯ. ನಾನು ಪೆಡಲ್‌ಗೆ ಮಿಕ್ಸರ್ ಇರುವ ಬೋರ್ಡಿನಿಂದಲೇ ಕರೆಂಟ್ ಕೇಳುತ್ತೇನೆ. ಟೆಸ್ಟರ್ ಜೇಬಿನಲ್ಲೇ ಇರುತ್ತದೆ, ಮೈಕಿನ ಜಾಲರಿಗೂ ಗಿಟಾರಿನ ಜ್ಯಾಕಿಗೂ ಮುಟ್ಟಿಸಿ ನೋಡುತ್ತೇನೆ. ಟೆಸ್ಟರ್‌ನ ದೀಪ ಹೊತ್ತಿಕೊಂಡರೆ ಸರಿ ಮಾಡುವ ತನಕ ಹಾಡುವುದಿಲ್ಲ. ಸೌಂಡ್‌ನವರು "ಏನೂ ಆಗಲ್ಲ, ಹಾಡಿ ಸಾರ್" ಅನ್ನುತ್ತಾರೆ. ಅನ್ನಲಿ.

ದುಡ್ಡಿನ ಮಾತು. ಆಗಸ್ಟ್ 15, ಗಣಪತಿ, ನವೆಂಬರ್ ಪೂರ್ತಿ, ಜನವರಿ 26, ಆಮೇಲೆ ಕಾಲೇಜಿನ ವಾರ್ಷಿಕೋತ್ಸವಗಳು. ಜೂನ್, ಜುಲೈನಲ್ಲಿ ಮಳೆ, ಯಾರೂ ಕರೆಯುವುದಿಲ್ಲ. ಕೆಲಸ ಬಿಟ್ಟು ಇದನ್ನೇ ನಂಬಿಕೊಳ್ಳಿ ಅಂತ ನಾನಂತೂ ಹೇಳಲಾರೆ. ಸಂಘದವರು ಕರೆದರೆ ಅರ್ಧ ಅಡ್ವಾನ್ಸ್, ಉಳಿದದ್ದು ವೇದಿಕೆ ಹತ್ತುವ ಮೊದಲು. "ನಾಡಿನ ಕೆಲಸ ಅಲ್ವಾ, ದುಡ್ಡು ಯಾಕೆ?" ಅಂತ ಕೇಳಿದವರಿಗೆ, ಶಾಮಿಯಾನದವರಿಗೂ ಹೀಗೇ ಹೇಳಿದಿರಾ ಅಂತ ಕೇಳುತ್ತೇನೆ. ಸರ್ಕಾರಿ ಶಾಲೆಗಳಲ್ಲಿ ಮಾತ್ರ ದುಡ್ಡು ತೆಗೆದುಕೊಳ್ಳುವುದಿಲ್ಲ. ಪೆಟ್ರೋಲ್ ಹಾಕಿಸಿಕೊಟ್ಟು, ಮಕ್ಕಳಿಗೆ 'ಈಸೂರು ಕೊಡೆವು' ಅನ್ನುವುದನ್ನು ಮುಂಚೆಯೇ ಕಲಿಸಿಟ್ಟಿರಿ ಅಂತ ಮೇಷ್ಟ್ರಿಗೆ ಹೇಳುತ್ತೇನೆ.