ಸ್ಲೀವೋ, ಬೈಪಾಸೋ? ತೂಕದ ಆಪರೇಷನ್ ಆರಿಸಿಕೊಳ್ಳುವ ಮುಂಚೆ

ಮಂಡ್ಯದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಮೂರು ವರ್ಷದ ಹಿಂದೆ ನನ್ನ ತೂಕ 118 ಕೆಜಿ, ಈಗ 79. ಬ್ಲೌಸ್ ಕೊಡೋಕೆ ಬಂದ ಹೆಂಗಸರು ಡಿಸೈನ್ ಪುಸ್ತಕ ಬಿಟ್ಟು ನನ್ನನ್ನೇ ನೋಡುತ್ತಾ ಕೇಳುತ್ತಾರೆ: "ಅಕ್ಕ, ನೀವು ಮಾಡಿಸ್ಕೊಂಡಿದ್ದು ಯಾವ ಆಪರೇಷನ್ನು? ನಾನೂ ಅದನ್ನೇ ಮಾಡಿಸ್ಕೊಳ್ಳಾ?"

ಬೇಡ ಅನ್ನುತ್ತೇನೆ. ಒಬ್ಬರ ಅಳತೆ ಬ್ಲೌಸ್ ಇಟ್ಟುಕೊಂಡು ಇನ್ನೊಬ್ಬರಿಗೆ ಹೊಲಿದರೆ ಕಂಕುಳಲ್ಲಿ ಹಿಡಿಯುತ್ತೆ. ಬಟ್ಟೆಯಾದರೆ ಬಿಚ್ಚಿ ಸರಿಮಾಡಬಹುದು, ಹೊಟ್ಟೆಯ ವಿಷಯ ಹಾಗಲ್ಲ. ನಮ್ಮ ಮನೆಯಲ್ಲೇ ನೋಡಿ, ನನಗೆ ಬೈಪಾಸ್ ಆಯಿತು, ನನ್ನ ಅಕ್ಕನ ಮಗಳಿಗೆ ಸ್ಲೀವ್ ಆಯಿತು. ಇಬ್ಬರಿಗೂ ಅವರವರದ್ದೇ ಸರಿ. ಹೇಗೆ ಅಂತ ಬರೆಯುತ್ತೇನೆ, ನೀವು ಡಾಕ್ಟರ ಮುಂದೆ ಕೂರುವಾಗ ಕೈಲಿ ನಾಲ್ಕು ಪ್ರಶ್ನೆ ಇರಲಿ ಅಂತ.

ಮೊದಲು ನಿಮಗೆ ಆಪರೇಷನ್ ಬೇಕೇ ಅನ್ನೋದು ತೀರ್ಮಾನವಾಗಬೇಕು. ಎತ್ತರವನ್ನು ಮೀಟರಿನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ, ತೂಕವನ್ನು ಅದರಿಂದ ಭಾಗಿಸಿ. ನಾನು 158 ಸೆಂಟಿಮೀಟರ್. 1.58ನ್ನು 1.58ರಿಂದ ಗುಣಿಸಿದರೆ ಹತ್ತಿರ ಹತ್ತಿರ 2.5. 118ನ್ನು 2.5ರಿಂದ ಭಾಗಿಸಿದರೆ 47. ಅದೇ ಬಿಎಂಐ. 2022ರಲ್ಲಿ ಅಂತಾರಾಷ್ಟ್ರೀಯ ಸರ್ಜನ್ನರ ಸಂಘಗಳು ಹೊಸ ಸಲಹೆ ಕೊಟ್ಟವು: 35 ದಾಟಿದ್ದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಆಪರೇಷನ್ ಮಾಡಬಹುದು, ನಮ್ಮಂಥ ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು. ಆದರೆ ಇನ್ಶೂರೆನ್ಸ್‌ನವರ ಲೆಕ್ಕ ಬೇರೆ. ಅವರಿಗೆ 40 ಇರಬೇಕು, ಇಲ್ಲವೇ 35ರ ಮೇಲಿದ್ದು ಜೊತೆಗೆ ಹೃದಯದ ಕಾಯಿಲೆಯೋ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರವಾದ ಸ್ಲೀಪ್ ಆಪ್ನಿಯಾವೋ, ಹತೋಟಿಗೆ ಬಾರದ ಶುಗರ್ರೋ ಇರಬೇಕು. ಡಾಕ್ಟರು ಹೂಂ ಅಂದ ಮಾತ್ರಕ್ಕೆ ಕ್ಲೇಮ್ ಆಗುತ್ತೆ ಅಂದುಕೊಳ್ಳಬೇಡಿ. ವೆಯ್ಟಿಂಗ್ ಪೀರಿಯಡ್ ಮುಗಿದಿದೆಯಾ ಅಂತ ಪಾಲಿಸಿ ತೆಗೆದು ನೋಡಿ.

ವಾರಕ್ಕೊಂದು ಚುಚ್ಚಿಕೊಳ್ಳುವ ಇಂಜೆಕ್ಷನ್‌ಗಳೂ ಈಗ ಇವೆ. ಮೌಂಜಾರೋ, ವಿಗೋವಿ ಎರಡೂ 2025ರಲ್ಲಿ ನಮ್ಮ ದೇಶಕ್ಕೆ ಬಂದವು. ನನ್ನ ಕಾಲಕ್ಕೆ ಇರಲಿಲ್ಲ. ತೂಕ ಚೆನ್ನಾಗೇ ಇಳಿಯುತ್ತೆ, ನಿಲ್ಲಿಸಿದರೆ ಬಹಳ ಜನರಿಗೆ ಮತ್ತೆ ಏರುತ್ತೆ. ಬಿಎಂಐ ಮೂವತ್ತರ ಆಸುಪಾಸಿನಲ್ಲಿ ಇರುವವರು ಮೊದಲು ಅದರ ಬಗ್ಗೆ ಕೇಳಿ ನೋಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ನಾನು ಮೊದಲು ಹೋದದ್ದು ಬೆಂಗಳೂರಿನ ಒಂದು ಆಸ್ಪತ್ರೆಗೆ. ಹದಿನೈದು ನಿಮಿಷ ಮಾತಾಡಿದರು. ಅದರಲ್ಲಿ ಹತ್ತು ನಿಮಿಷ ಪ್ಯಾಕೇಜಿನ ಮಾತು. "ಸ್ಲೀವ್ ಮಾಡ್ತೀವಿ, ಮೂರನೇ ದಿನ ಮನೆಗೆ ಹೋಗ್ತೀರಿ, ಈ ವಾರ ಬುಕ್ ಮಾಡಿದ್ರೆ ಡಿಸ್ಕೌಂಟ್ ಇದೆ." ರಾತ್ರಿ ಮಲಗಿದರೆ ಹುಳಿತೇಗು ಬರುತ್ತಾ ಅಂತ ಒಬ್ಬರೂ ಕೇಳಲಿಲ್ಲ. ಬಾಯಿಂದ ಹೊಟ್ಟೆಗೆ ಕ್ಯಾಮೆರಾ ಇಳಿಸಿ ನೋಡುವ ಎಂಡೋಸ್ಕೋಪಿಯ ಮಾತೇ ಇಲ್ಲ. ನನಗೆ ಆರು ವರ್ಷದಿಂದ ಎರಡು ದಿಂಬು ಇಲ್ಲದೆ ನಿದ್ದೆ ಬರುತ್ತಿರಲಿಲ್ಲ, ಎದೆಯುರಿಗೆ ದಿನಾ ಬೆಳಿಗ್ಗೆ ಮಾತ್ರೆ. ಅಡ್ವಾನ್ಸ್ ಕಟ್ಟೋಕೆ ಹೋದ ನನ್ನ ಯಜಮಾನರನ್ನು ಕೌಂಟರಿನಿಂದ ವಾಪಸ್ ಕರೆದೆ. ಅವತ್ತು ಅಷ್ಟು ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ.

ಎರಡನೇ ಕಡೆ ಹೋದಾಗ ಆ ಸರ್ಜನ್ ಮೊದಲು ಬರೆದುಕೊಟ್ಟದ್ದೇ ಎಂಡೋಸ್ಕೋಪಿ. ಅನ್ನನಾಳದ ತುದಿ ಆಸಿಡ್ಡಿನಿಂದ ಹುಣ್ಣಾಗಿತ್ತು, ಜಠರದ ಮೇಲ್ಭಾಗ ಸ್ವಲ್ಪ ಎದೆಯೊಳಕ್ಕೆ ಜಾರಿತ್ತು. ಅವರು ರಿಪೋರ್ಟಿನ ಹಿಂದೆ ಪೆನ್ನಿನಲ್ಲಿ ಚಿತ್ರ ಬರೆದು ತೋರಿಸಿದರು. ನನಗೆ ಬಟ್ಟೆ ಕತ್ತರಿಸೋದು ಗೊತ್ತಲ್ಲ, ಕೂಡಲೇ ಅರ್ಥವಾಯಿತು.

ಸ್ಲೀವ್ ಅಂದರೆ ತೋಳು. ಚೀಲದ ಹಾಗಿರುವ ಜಠರದೊಳಗೆ ಅಳತೆಗೆ ಒಂದು ಕೊಳವೆ ಇಳಿಸಿ, ಅದರ ಪಕ್ಕದಲ್ಲೇ ಉದ್ದಕ್ಕೆ ಸ್ಟೇಪ್ಲರ್ ಹೊಡೆದು ಕತ್ತರಿಸುತ್ತಾರೆ. ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹೊರಗೆ ಹೋಗುತ್ತೆ. ಉಳಿಯೋದು ಬಾಳೆಹಣ್ಣಿನಷ್ಟು ಉದ್ದದ ಕಿರಿದಾದ ತೋಳು. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನೋ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ಕತ್ತರಿಸಿ ತೆಗೆದ ಭಾಗದಲ್ಲೇ. ಅದಕ್ಕೇ ಹಸಿವೂ ಇಳಿಯುತ್ತೆ. ಕರುಳನ್ನು ಮುಟ್ಟುವುದಿಲ್ಲ. ಆಪರೇಷನ್ ಸರಳ, ಸಮಯ ಕಡಿಮೆ, ಜೋಡಣೆ ಇಲ್ಲ. ಆದರೆ ಕತ್ತರಿಸಿದ್ದು ಮತ್ತೆ ಬರುವುದಿಲ್ಲ. ಜೊತೆಗೆ, ಅಗಲವಾದ ಚೀಲ ಇದ್ದ ಕಡೆ ಕಿರಿದಾದ ಕೊಳವೆ ಬಂದರೆ ಒಳಗಿನ ಒತ್ತಡ ಜಾಸ್ತಿಯಾಗಿ ಆಸಿಡ್ ಮೇಲಕ್ಕೆ ನುಗ್ಗುತ್ತೆ.

ಬೈಪಾಸಿನಲ್ಲಿ, ಪೂರ್ತಿ ಹೆಸರು ರೂ-ಆನ್-ವೈ, ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿ ಹಿಡಿಯುವ ಪುಟ್ಟ ಚೀಲ ಮಾಡುತ್ತಾರೆ. ಎರಡು ದೊಡ್ಡ ಚಮಚದಷ್ಟು ಅಷ್ಟೆ. ಸಣ್ಣ ಕರುಳನ್ನು ಕತ್ತರಿಸಿ ಒಂದು ತುದಿಯನ್ನು ಮೇಲೆ ತಂದು ಆ ಚೀಲಕ್ಕೆ ಜೋಡಿಸುತ್ತಾರೆ, ಇನ್ನೊಂದು ತುದಿಯನ್ನು ಕೆಳಗೆ ಸೇರಿಸುತ್ತಾರೆ. ಹೊಲಿಗೆ ಎರಡು ಕಡೆ. ಉಳಿದ ಜಠರವನ್ನು ತೆಗೆಯುವುದಿಲ್ಲ, ಊಟ ಹೋಗದೆ ಅದು ಒಳಗೇ ಇರುತ್ತೆ. ಊಟ ಕರುಳಿನ ಮೊದಲ ಭಾಗವನ್ನು ಮುಟ್ಟದೆ ಹೋಗುವುದರಿಂದ ಶುಗರ್ ಬೇಗ ಇಳಿಯುತ್ತೆ, ಆಸಿಡ್ ಅನ್ನನಾಳಕ್ಕೆ ಬರುವುದು ಬಹುಮಟ್ಟಿಗೆ ನಿಲ್ಲುತ್ತೆ. ಕಷ್ಟವೂ ಅಲ್ಲೇ ಇದೆ: ಕಬ್ಬಿಣ, ಕ್ಯಾಲ್ಸಿಯಂ, ಬಿ12 ಸರಿಯಾಗಿ ಮೈಗೆ ಹತ್ತುವುದಿಲ್ಲ.

ಮಿನಿ ಬೈಪಾಸ್ ಅನ್ನೋದೂ ನಮ್ಮ ಕಡೆ ತುಂಬಾ ನಡೆಯುತ್ತೆ. 1997ರಲ್ಲಿ ಅಮೆರಿಕದ ಸರ್ಜನ್ ರಾಬರ್ಟ್ ರಟ್ಲೆಡ್ಜ್ ಶುರು ಮಾಡಿದ್ದು. ಉದ್ದನೆಯ ಚೀಲ, ಜೋಡಣೆ ಒಂದೇ. ತೂಕವೂ ಶುಗರ್ರೂ ಚೆನ್ನಾಗಿ ಇಳಿಯುತ್ತೆ. ಆದರೆ ಪಿತ್ತರಸ ಆ ಚೀಲಕ್ಕೆ ನುಗ್ಗಿ ಕೆಲವರಿಗೆ ಕಹಿ ತೇಗು ಬರುತ್ತೆ, ಕರುಳನ್ನು ಹೆಚ್ಚು ಉದ್ದಕ್ಕೆ ಬಿಟ್ಟು ಜೋಡಿಸಿದರೆ ಬೇಧಿ, ಪ್ರೋಟೀನ್ ಕೊರತೆ. ಎಷ್ಟು ಉದ್ದ ಬಿಡುತ್ತೀರಿ ಅಂತ ಕೇಳಿಯೇ ಒಪ್ಪಿಕೊಳ್ಳಿ. ಜಠರದ ಮೇಲ್ಭಾಗಕ್ಕೆ ಪಟ್ಟಿಯ ಹಾಗೆ ಬಿಗಿಯುವ ಬ್ಯಾಂಡ್ ಈಗ ಬಹುತೇಕ ಯಾರೂ ಹಾಕುವುದಿಲ್ಲ. ಜಠರದೊಳಗೆ ಉಬ್ಬಿಸಿ ಇಡುವ ಬಲೂನ್ ಆಪರೇಷನ್ನೇ ಅಲ್ಲ, ಕೆಲವು ತಿಂಗಳಿಗೆ ತೆಗೆಯಬೇಕು.

ಈಗ ಆರಿಸುವ ವಿಚಾರ. ನನ್ನ ಪ್ರಕಾರ ಮೊದಲನೇ ಮಾತು ಎದೆಯುರಿಯದ್ದು. ಸ್ವಿಟ್ಜರ್ಲೆಂಡಿನಲ್ಲಿ ಎರಡೂ ಆಪರೇಷನ್‌ಗಳನ್ನು ಐದು ವರ್ಷ ಹೋಲಿಸಿ ನೋಡಿದರು, 2018ರಲ್ಲಿ ಪ್ರಕಟವಾಯಿತು. ತೂಕದ ಇಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಆದರೆ ಮೊದಲೇ ಇದ್ದ ಎದೆಯುರಿ ಇನ್ನೂ ಕೆಟ್ಟದ್ದು ಸ್ಲೀವ್ ಆದವರಲ್ಲಿ ನೂರಕ್ಕೆ ಸುಮಾರು 32 ಜನರಿಗೆ, ಬೈಪಾಸ್ ಆದವರಲ್ಲಿ 6 ಜನರಿಗೆ. ಈ ಒಂದು ಲೆಕ್ಕ ನನಗೆ ಸಾಕಾಯಿತು. ಎಂಡೋಸ್ಕೋಪಿಯಲ್ಲಿ ಅನ್ನನಾಳ ಹುಣ್ಣಾಗಿದ್ದರೆ ಸ್ಲೀವ್ ಯಾಕೆ ಅಂತ ಜೋರಾಗೇ ಕೇಳಿ. ಎಂಡೋಸ್ಕೋಪಿ ಮಾಡದೇ ಸ್ಲೀವ್ ಅಂದರೆ ಎದ್ದು ಬನ್ನಿ.

ಎರಡನೇದು ಶುಗರ್. ನನಗೆ ಏಳು ವರ್ಷದ ಶುಗರ್, ಎಚ್‌ಬಿಎ1ಸಿ ಅನ್ನೋ ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ 9.4 ಇತ್ತು. ಎರಡು ಆಪರೇಷನ್ನಿನಿಂದಲೂ ಶುಗರ್ ಇಳಿಯುತ್ತೆ, ಬೈಪಾಸಿನದು ಒಂದು ಕೈ ಮೇಲು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರ ಅಧ್ಯಯನದಲ್ಲಿ ಐದು ವರ್ಷದ ನಂತರ ಆ ಸರಾಸರಿ 6 ಅಥವಾ ಅದಕ್ಕಿಂತ ಕಡಿಮೆ ಇದ್ದವರು ಬೈಪಾಸಿನಲ್ಲಿ ನೂರಕ್ಕೆ 29, ಸ್ಲೀವ್‌ನಲ್ಲಿ 23, ಬರೀ ಔಷಧಿಯಲ್ಲಿ 5. ಈ ಅಂಕಿಯನ್ನು ಉಲ್ಟಾ ಓದಿದರೆ ಬೈಪಾಸ್ ಆದ ಮೇಲೂ ಬಹಳ ಜನ ಅಷ್ಟು ಕೆಳಕ್ಕೆ ಬರಲಿಲ್ಲ ಅಂತಾಯಿತು. "ಶುಗರ್ ಪೂರ್ತಿ ವಾಸಿ" ಅಂತ ಬೋರ್ಡು ಹಾಕುವವರ ಮಾತಿಗೆ ಮರುಳಾಗಬೇಡಿ. ನನ್ನದು ಈಗ 6.3, ಇನ್ಸುಲಿನ್ ನಿಂತಿದೆ, ಒಂದು ಮಾತ್ರೆ ಉಳಿದಿದೆ. ಇನ್ನೊಂದು ಎಚ್ಚರಿಕೆ: ಆಪರೇಷನ್ ಆದ ಮೊದಲ ದಿನಗಳಲ್ಲೇ ಶುಗರ್ ಧಡಕ್ಕನೆ ಇಳಿಯಬಹುದು, ಹಳೇ ಡೋಸಿನ ಮಾತ್ರೆ, ಇನ್ಸುಲಿನ್ ಹಾಗೇ ಮುಂದುವರಿಸಬಾರದು. ಹೊಸ ಡೋಸನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ.

ಮೂರನೇದನ್ನು ಯಾರೂ ಕೇಳುವುದಿಲ್ಲ, ನಮ್ಮಂಥವರಿಗೆ ಅದೇ ಮುಖ್ಯ: ಮಂಡಿನೋವಿನ ಮಾತ್ರೆ. ತೂಕ ಇದ್ದವರ ಮನೆಯಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ಇದ್ದೇ ಇರುತ್ತೆ. ಬೈಪಾಸ್ ಆದವರು ಅವನ್ನು ತೆಗೆದುಕೊಂಡರೆ ಹೊಲಿಗೆ ಹಾಕಿದ ಜಾಗದಲ್ಲಿ ಹುಣ್ಣಾಗುತ್ತೆ, ರಕ್ತ ಬರಬಹುದು, ತೂತೇ ಬೀಳಬಹುದು. ಬೀಡಿ ಸಿಗರೇಟಿನಿಂದಲೂ ಅಷ್ಟೇ. ಸಂಧಿವಾತಕ್ಕೆ ಆ ಗುಂಪಿನ ಮಾತ್ರೆ ಬಿಡಲು ಸಾಧ್ಯವೇ ಇಲ್ಲ ಅನ್ನುವವರಿಗೆ ಅನೇಕ ಡಾಕ್ಟರು ಸ್ಲೀವ್ ಕಡೆಗೇ ವಾಲುತ್ತಾರೆ. ನನಗೆ ಪ್ಯಾರಾಸಿಟಮಾಲ್ ಸಾಕಾಯಿತು, 39 ಕೆಜಿ ಇಳಿದ ಮೇಲೆ ಮಂಡಿಯೂ ಮಾತು ಕೇಳುತ್ತೆ.

ನನ್ನ ಅಕ್ಕನ ಮಗಳ ಕಥೆ ಇದಕ್ಕೆ ತಿರುಗಾಮುರುಗಾ. ಇಪ್ಪತ್ತೊಂಬತ್ತು ವರ್ಷ, ಶುಗರ್ ಇಲ್ಲ, ಎದೆಯುರಿ ಇಲ್ಲ, ಎಂಡೋಸ್ಕೋಪಿ ಸ್ವಚ್ಛ. ಆದರೆ ಮುಟ್ಟಿನಲ್ಲಿ ರಕ್ತ ಹೋಗಿ ಹೋಗಿ ಹಿಮೋಗ್ಲೋಬಿನ್ 8.5. ಮದುವೆಯಾಗಿದೆ, ಮಗು ಬೇಕು. ಇರುವ ಕಬ್ಬಿಣವೇ ಸಾಲದಿರುವಾಗ ಅದನ್ನು ಹೀರುವ ಕರುಳನ್ನೇ ಬಿಟ್ಟು ಜೋಡಿಸುವುದು ಬೇಡ ಅಂದರು ಡಾಕ್ಟರು. ಮೊದಲು ರಕ್ತ ಏರಿಸಿ, ಆಮೇಲೆ ಸ್ಲೀವ್ ಮಾಡಿದರು. ಒಂದೂವರೆ ವರ್ಷ ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಿ ಅಂತ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿದರು. ತೂಕ ಇಳಿಯುತ್ತಿರುವ ಮೈಯಲ್ಲಿ ಮಗುವಿಗೆ ಪೋಷಣೆ ಸಾಲುವುದಿಲ್ಲ.

ನಾಲ್ಕನೇ ಪ್ರಶ್ನೆಯನ್ನು ನೀವು ನಿಮ್ಮನ್ನೇ ಕೇಳಿಕೊಳ್ಳಬೇಕು: ಬದುಕಿರುವವರೆಗೂ ಮಾತ್ರೆ ನುಂಗುತ್ತೀರಾ, ವರ್ಷಕ್ಕೊಮ್ಮೆ ರಕ್ತಪರೀಕ್ಷೆಗೆ ಹೋಗುತ್ತೀರಾ? ಸ್ಲೀವ್‌ಗೂ ವಿಟಮಿನ್ ಬೇಕು, ಬೈಪಾಸ್‌ಗೆ ಬಿಡುವಂತೆಯೇ ಇಲ್ಲ. ಬೈಪಾಸ್ ಆಗಿ ಎರಡು ವರ್ಷ ಮಾತ್ರೆ ಬಿಟ್ಟವರೊಬ್ಬರನ್ನು ನೋಡಿದ್ದೇನೆ. ಕಾಲು ಜೋಮು ಹಿಡಿದು ಗೋಡೆ ಹಿಡಿದು ನಡೆಯುತ್ತಿದ್ದರು, ಬಿ12 ತಳ ಕಂಡಿತ್ತು. ಇಷ್ಟು ಶಿಸ್ತು ಆಗದು ಅನಿಸಿದರೆ ಈಗಲೇ ಬಾಯಿಬಿಟ್ಟು ಹೇಳಿ, ನಾಚಿಕೆ ಬೇಡ. ಮನೆಯಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಬಂದಿದ್ದರೆ ಅದನ್ನೂ ಹೇಳಿ. ಬೈಪಾಸಿನಲ್ಲಿ ಒಳಗೇ ಉಳಿಯುವ ಜಠರಕ್ಕೆ ಮುಂದೆ ಸುಲಭವಾಗಿ ಕ್ಯಾಮೆರಾ ಇಳಿಸಲು ಆಗುವುದಿಲ್ಲ.

ಯಾವುದನ್ನು ಆರಿಸಿದರೂ ಊಟ ಮಾತ್ರ ಬದಲಾಗುತ್ತೆ. ಮೊದಲ ಎರಡು ವಾರ ದ್ರವ, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತಗಿನದು. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. ದಿನಕ್ಕೆ 60 ಗ್ರಾಂ ಪ್ರೋಟೀನ್: ಮೊಟ್ಟೆ, ಮೊಸರು, ಪನೀರ್, ಮೀನು. ಬೈಪಾಸ್ ಆದವರಿಗೆ ಸಿಹಿ ಆಗಿಬರುವುದಿಲ್ಲ. ಯುಗಾದಿಗೆ ಅರ್ಧ ಹೋಳಿಗೆ ತಿಂದು ಎದೆ ಡವಡವ ಹೊಡೆದುಕೊಂಡು, ಬೆವರಿ, ಒಂದು ಗಂಟೆ ಮಲಗಿದ್ದೆ. ಡಂಪಿಂಗ್ ಅನ್ನುತ್ತಾರೆ ಅದನ್ನ. ಸಿಹಿಯೇ ದೊಡ್ಡ ಚಟವಾಗಿರುವವರಿಗೆ ಈ ಹೆದರಿಕೆಯೇ ಉಪಕಾರ ಮಾಡೀತು.

ಮುದ್ದೆಯ ವಿಷಯ ಬೇರೆಯಾಗೇ ಹೇಳಬೇಕು. ಮುದ್ದೆ ಅಗಿಯಬಾರದು, ನುಂಗಬೇಕು ಅಂತಲೇ ಬೆಳೆದವರು ನಾವು. ಎರಡನೇ ತಿಂಗಳಲ್ಲಿ ಅಮ್ಮ ಬಸ್ಸಾರು ಮಾಡಿದ್ದರು. ನೆಲ್ಲಿಕಾಯಿ ಗಾತ್ರದ ಒಂದೇ ತುತ್ತು, ಸಾರಿನಲ್ಲಿ ಅದ್ದಿ ಅಭ್ಯಾಸಬಲದಿಂದ ನುಂಗಿಬಿಟ್ಟೆ. ಎದೆ ಮಧ್ಯೆ ಸಿಕ್ಕಿಕೊಂಡಿತು. ಕೆಳಗೂ ಇಳಿಯದು, ಮೇಲೂ ಬಾರದು. ಬಾಯಿ ತುಂಬಾ ನೊರೆನೊರೆ ಎಂಜಲು. ಹಿತ್ತಲ ಬಚ್ಚಲ ಪಕ್ಕ ಇಪ್ಪತ್ತು ನಿಮಿಷ ಕೂತಿದ್ದೆ, ಅಮ್ಮ ಬೆನ್ನು ನೀವುತ್ತಾ ಅಳುತ್ತಿದ್ದರು. ಕೊನೆಗೆ ವಾಂತಿಯಾಗಿ ಹೋಯಿತು. ನಾಲ್ಕೈದು ತಿಂಗಳು ರಾಗಿಯನ್ನು ತೆಳ್ಳಗೆ ಗಂಜಿ ಮಾಡಿ ಕುಡಿದೆ. ಈಗ ಅಡಿಕೆ ಗಾತ್ರದ ತುತ್ತು ತೆಗೆದುಕೊಂಡು, ಚೆನ್ನಾಗಿ ಅಗಿದು ತಿನ್ನುತ್ತೇನೆ. ಆದರೆ ವಾಂತಿ ಎರಡು ಮೂರು ದಿನ ನಿಲ್ಲದಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಥಯಾಮಿನ್ ಅನ್ನೋ ವಿಟಮಿನ್ ಕಮ್ಮಿಯಾಗಿ ನರಕ್ಕೆ ಪೆಟ್ಟು ಬೀಳುತ್ತೆ. ಮೊದಲ ವಾರಗಳಲ್ಲಿ ಹೊಟ್ಟೆನೋವು, ಜ್ವರ, ಕೂತಲ್ಲೇ ನಾಡಿ 120 ದಾಟಿದರೆ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೋಗಿ, ಹೊಲಿಗೆ ಸೋರುತ್ತಿರಬಹುದು.

ಡಾಕ್ಟರ ಮುಂದೆ ಇದನ್ನು ಕೇಳಿ: ಎಂಡೋಸ್ಕೋಪಿಯಲ್ಲಿ ಏನು ಬಂತು? ನೀವು ವರ್ಷಕ್ಕೆ ಎಷ್ಟು ಸ್ಲೀವ್, ಎಷ್ಟು ಬೈಪಾಸ್ ಮಾಡುತ್ತೀರಿ? ಒಂದೇ ಮಾಡುವವರು ಅದನ್ನೇ ಹೇಳುತ್ತಾರೆ, ಸಹಜ. ತೊಂದರೆಯಾದರೆ ಮಧ್ಯರಾತ್ರಿ ಫೋನ್ ಎತ್ತುವವರು ಯಾರು? ಡಯಟಿಷಿಯನ್‌ಗೆ ಮುದ್ದೆ, ಹುರುಳಿಸಾರು ಗೊತ್ತಾ, ಇಲ್ಲ ಓಟ್ಸ್ ಮಾತ್ರನಾ? ಸ್ಲೀವ್ ಆಗಿ ತೂಕ ಮತ್ತೆ ಏರಿದರೆ, ಎದೆಯುರಿ ಬಂದರೆ ಬೈಪಾಸ್‌ಗೆ ಬದಲಾಯಿಸುತ್ತೀರಾ, ಆಗಿನ ಖರ್ಚೆಷ್ಟು?

ಆಪರೇಷನ್ ಆದ ಮೇಲೆ ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ನನ್ನದು ಹೊಲಿಗೆ ಸೂಜಿಯ ಪ್ಲಾಸ್ಟಿಕ್ ಕವರಿನಲ್ಲಿದೆ. ಆಪರೇಷನ್ನಿನ ಪೂರ್ತಿ ಹೆಸರು, ಆದ ತಾರೀಖು, ಸರ್ಜನ್ ನಂಬರು, ಅದರ ಕೆಳಗೆ ಕೆಂಪು ಇಂಕಿನಲ್ಲಿ: ಬೈಪಾಸ್ ಆಗಿದೆ, ಡೈಕ್ಲೋಫೆನಾಕ್ ಕೊಡಬೇಡಿ. ಹೋದ ವರ್ಷ ಮೈಸೂರು ಬಸ್ ಸ್ಟ್ಯಾಂಡಿನಲ್ಲಿ ಬಿದ್ದು ಕೈ ಮುರಿದಾಗ, ಕ್ಲಿನಿಕ್ಕಿನ ಹುಡುಗಿ ಸಿರಿಂಜಿಗೆ ಔಷಧಿ ಎಳೆದುಕೊಂಡಾಗಿತ್ತು. ಎಡಗೈಯಲ್ಲಿ ಪರ್ಸ್ ತೆರೆದು ಆ ಚೀಟಿ ತೋರಿಸಿದೆ. ಓದಿ, ಸಿರಿಂಜನ್ನು ಟ್ರೇನಲ್ಲಿ ಇಟ್ಟು, ಡಾಕ್ಟರನ್ನು ಕರೆಯೋಕೆ ಹೋದಳು.